ಚಾರ್ಜ್ ಪಟ್ಟಿಯಲ್ಲಿ ಇಲ್ಲದ ಆಸ್ತಿ



ಬ್ಯಾಂಕ್ ಮ್ಯಾನೇಜರ್ ವರ್ಗವಾದಾಗ ಚಾರ್ಜ್ ಒಪ್ಪಿಸುವ ಕೆಲಸ ಹೇಗೆ ನಡೆಯುತ್ತದೆ ಎಂದು ಇಲ್ಲಿರುವ ಹಲವರಿಗೆ ಗೊತ್ತು. ಹೋಗುವವರೂ ಬರುವವರೂ ಜೊತೆಗೆ ಕೂತು ನಗದು ಎಣಿಸುತ್ತಾರೆ. ಅಡವಿಟ್ಟ ಒಡವೆಯ ಪೊಟ್ಟಣಗಳನ್ನು ರಿಜಿಸ್ಟರಿನೊಂದಿಗೆ ತಾಳೆ ನೋಡುತ್ತಾರೆ. ಬಳಸದೆ ಉಳಿದ ಚೆಕ್ ಪುಸ್ತಕಗಳು, ಠೇವಣಿ ರಸೀದಿಗಳು, ಸಾಲದ ಕಾಗದಪತ್ರದ ಕಟ್ಟುಗಳು, ತಿಜೋರಿಯ ಬೀಗದ ಕೈ, ಎಲ್ಲಕ್ಕೂ ಒಂದೊಂದು ಸಾಲು, ಕೆಳಗೆ ಇಬ್ಬರ ಸಹಿ. ಬೀಗದ ಕೈ ಒಂದು ಕಡಿಮೆ ಬಂದರೂ ಆ ದಿನ ಚಾರ್ಜ್ ಮುಗಿಯುವುದಿಲ್ಲ. ಆದರೆ ಹೋಗುತ್ತಿರುವ ಮ್ಯಾನೇಜರ್ ಮೂರು ವರ್ಷ ಈ ಹಳ್ಳಿಗಳಲ್ಲಿ ಓಡಾಡಿ ತಿಳಿದುಕೊಂಡದ್ದಕ್ಕೆ ಆ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಯಾವ ಊರಿನವರು ಯಾವ ತಿಂಗಳಲ್ಲಿ ಸಾಲ ಕಟ್ಟುತ್ತಾರೆ, ಯಾವ ಕೆರೆಯ ಹಿಂದಿನ ಹೊಲಗಳಿಗೆ ನೀರು ಹರಿಯುತ್ತದೆ, ಯಾವ ಮನೆಯಲ್ಲಿ ಪಾಲಾಗಿ ಪಹಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ, ಇವೆಲ್ಲ ಅವರ ಜೊತೆಯಲ್ಲೇ ಬೇರೆ ಊರಿಗೆ ಹೋಗುತ್ತವೆ.

ಬ್ಯಾಂಕುಗಳಲ್ಲಿ ಜ್ಞಾನ ನಿರ್ವಹಣೆ ಸಂಸ್ಥೆಯ ಕಾರ್ಯಸಾಧನೆಯ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬುದು ನನಗೆ ಕೊಟ್ಟಿರುವ ವಿಷಯ. ಈ ಸೀಮೆಯಲ್ಲಿ ವಾಣಿಜ್ಯ ಪಾಠ ಹೇಳಿಕೊಂಡು, ವಿದ್ಯಾರ್ಥಿಗಳನ್ನು ಶಾಖೆಯಿಂದ ಶಾಖೆಗೆ ಕರೆದೊಯ್ಯುತ್ತ ಬಂದವನಾಗಿ ನಾನು ಇದನ್ನು ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳ ಮಟ್ಟಿಗೆ ಇಳಿಸಿಕೊಂಡು ಮಾತಾಡುತ್ತೇನೆ. ಇಲ್ಲಿ ಸಾಲ ಮರಳಿ ಬರುವುದೂ ಬಾರದಿರುವುದೂ ಮಳೆಯಷ್ಟೇ ಶಾಖೆಯ ತಿಳಿವಳಿಕೆಯನ್ನೂ ನೆಚ್ಚಿಕೊಂಡಿದೆ. ಆ ತಿಳಿವಳಿಕೆ ಇಂದಿಗೂ ಆಯಾ ವ್ಯಕ್ತಿಯ ಸ್ವತ್ತಾಗಿಯೇ ಉಳಿದಿದೆ, ಸಂಸ್ಥೆಯ ಸ್ವತ್ತಾಗಿಲ್ಲ. ಇಷ್ಟನ್ನು ಮನವರಿಕೆ ಮಾಡಿಕೊಡಲು ಸಾಧ್ಯವಾದರೆ ನನ್ನ ಕೆಲಸ ಆದಂತೆ.

ಮೊದಲು ಕೊಟ್ಟೂರಿನ ಒಂದು ಕೌಂಟರಿಗೆ ಬನ್ನಿ. ಗುರು ಕೊಟ್ಟೂರೇಶ್ವರನ ಭಕ್ತರ ಸೀಮೆ ಇದು. ಕೊಟ್ರೇಶ, ಕೊಟ್ರಪ್ಪ, ಕೊಟ್ರಬಸಪ್ಪ, ಕೊಟ್ರಮ್ಮ ಎಂಬ ಹೆಸರಿಲ್ಲದ ಓಣಿ ಸಿಗುವುದು ಕಷ್ಟ. ಹಡಗಲಿ ಕಡೆ ಹೋದರೆ ಮೈಲಾರಪ್ಪ, ಹರಪನಹಳ್ಳಿಯ ಉಚ್ಚಂಗಿದುರ್ಗದ ಸುತ್ತ ಉಚ್ಚೆಂಗೆಪ್ಪ, ಉಚ್ಚೆಂಗೆಮ್ಮ. ಹೊಸದಾಗಿ ಬಂದ ಅಧಿಕಾರಿ ಕಂಪ್ಯೂಟರಿನಲ್ಲಿ ಕೊಟ್ರೇಶ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ಒಂದು ‘ಟಿ’ ಹಾಕಿದರೆ ಒಂದು ಪಟ್ಟಿ, ಎರಡು ಹಾಕಿದರೆ ಇನ್ನೊಂದು. ಪಾಸ್‌ಬುಕ್ಕಿನಲ್ಲಿ ಒಂದು ಕಾಗುಣಿತ, ಆಧಾರ್‌ನಲ್ಲಿ ಮತ್ತೊಂದು, ಪಹಣಿಯಲ್ಲಿ ಕನ್ನಡದಲ್ಲಿ ಅಪ್ಪನ ಹೆಸರಿನ ಜೊತೆ. ಎದುರಿಗೆ ನಿಂತ ಯಜಮಾನರು ಬೆಳೆಸಾಲ ರಿನೀವಲ್ ಮಾಡಿಸಲು ಬಂದವರು. ಆ ಹೊತ್ತಿಗೆ ವೋಚರ್ ಕಟ್ಟು ಹಿಡಿದು ಹೋಗುತ್ತಿದ್ದ ಹಳೆಯ ಅಟೆಂಡರ್ ಒಂದು ಗಳಿಗೆ ನಿಂತು, ‘ಸಾರ್, ಇವ್ರು ಬಾವಿ ಹೊಲದ ಕೊಟ್ರೇಶಪ್ಪ ಅಲ್ರಿ, ಕೆರಿ ಹಿಂದ್ಲವ್ರು. ಅವ್ರಣ್ಣಂದು ಖಾತಿ ಬ್ಯಾರೆ ಐತಿ, ಅದು ಸುಸ್ತಿ ಆಗೇತಿ, ಇವ್ರದ್ದಲ್ಲ’ ಎನ್ನುತ್ತಾರೆ. ಕಾಲು ಗಂಟೆಯಿಂದ ಬಿಡಿಸಲಾಗದೆ ಕೂತಿದ್ದ ಗಂಟು ಬಿಟ್ಟಿತು. ಆ ಅಟೆಂಡರ್ ನಿವೃತ್ತರಾದ ಮರುದಿನ ಆ ಶಾಖೆಯಲ್ಲಿ ಏನಾಗುತ್ತದೆ? ಯಾವ ಬ್ಯಾಲೆನ್ಸ್ ಶೀಟಿನಲ್ಲೂ ಅದು ಕಾಣುವುದಿಲ್ಲ. ಅಣ್ಣನ ಸುಸ್ತಿಗೆ ತಮ್ಮನ ಬಾಗಿಲಿಗೆ ನೋಟಿಸು ಹೋಗುತ್ತದೆ, ತಮ್ಮ ಮುನಿದು ಠೇವಣಿಯನ್ನು ಬೇರೆ ಕಡೆಗೆ ಒಯ್ಯುತ್ತಾನೆ, ತಿಂಗಳ ಕೊನೆಗೆ ಪ್ರಾದೇಶಿಕ ಕಚೇರಿಯಿಂದ ‘ಠೇವಣಿ ಯಾಕೆ ಇಳಿಯಿತು’ ಎಂದು ಫೋನು ಬರುತ್ತದೆ.

ವಿದ್ವಾಂಸರು ಇದಕ್ಕೆ ಒಂದು ಚೌಕಟ್ಟು ಕೊಟ್ಟಿದ್ದಾರೆ. ಬಾಯಿಬಿಟ್ಟು ಹೇಳಲು ಬರುವುದಕ್ಕಿಂತ ಹೆಚ್ಚಿನದನ್ನು ಮನುಷ್ಯ ಬಲ್ಲ ಎಂಬುದನ್ನು ಮೈಕೆಲ್ ಪೊಲಾನ್ಯಿ 1966ರಲ್ಲಿ ಪುಸ್ತಕವಾಗಿಯೇ ವಿಸ್ತರಿಸಿದರು. ಜಪಾನಿನ ಇಕುಜಿರೊ ನೊನಾಕಾ ಮತ್ತು ಹಿರೊತಾಕಾ ತಾಕೆಯುಚಿ 1995ರಲ್ಲಿ, ಕಂಪನಿಯೊಂದರಲ್ಲಿ ಒಬ್ಬನ ಕೈಯಲ್ಲಿರುವ ತಿಳಿವು ಹೇಗೆ ಬರಹವಾಗಿ, ಪದ್ಧತಿಯಾಗಿ, ಮತ್ತೆ ಹತ್ತು ಜನರ ಕೈಗೆ ಇಳಿಯುತ್ತದೆ ಎಂದು ತೋರಿಸಿದರು. ಇವರ ಮೇಲೆ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆ ಬರುತ್ತದೆ, ವಿದ್ಯಾರ್ಥಿಗಳು ಬರೆಯುತ್ತಾರೆ. ನೊನಾಕಾ, ತಾಕೆಯುಚಿ ಹೆಚ್ಚಾಗಿ ನೋಡಿದ್ದು ತಯಾರಿಕಾ ಕಂಪನಿಗಳನ್ನು. ಸಾಲದ ವ್ಯವಹಾರದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಏಕೆಂದರೆ ಬ್ಯಾಂಕಿನ ಸರಕೇ ನಂಬಿಕೆ. ಯಾರನ್ನು ಎಷ್ಟು ನಂಬಬಹುದು ಎಂಬ ತಿಳಿವು ತಪ್ಪಿದರೆ ಬ್ಯಾಂಕಿಗೆ ಮಾರಲು ಬೇರೇನೂ ಉಳಿಯುವುದಿಲ್ಲ.

ಈ ಸತ್ಯ ನಮ್ಮ ಸೀಮೆಗೆ ಹೊಸದಲ್ಲ. ಈ ತಾಲ್ಲೂಕುಗಳನ್ನು ಒಳಗೊಂಡಿದ್ದ ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. 1876-78ರ ದೊಡ್ಡ ಬರ ಈ ಜಿಲ್ಲೆಯನ್ನು ಹಿಂಡಿತ್ತು. ರೈತನನ್ನು ಸಾಹುಕಾರನ ಬಡ್ಡಿಯಿಂದ ಬಿಡಿಸುವುದು ಹೇಗೆಂದು ತಿಳಿಯಲು ಮದ್ರಾಸ್ ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತು. ಅವರ ವರದಿ 1895 ಮತ್ತು 1897ರಲ್ಲಿ ಎರಡು ಸಂಪುಟಗಳಾಗಿ ಬಂತು. ಜರ್ಮನಿಯ ರೈಫೈಸನ್ ಮಾದರಿಯ ಹಳ್ಳಿ ಸಂಘಗಳನ್ನು ಅವರು ಮೆಚ್ಚಿದ್ದರು. ಒಂದೇ ಊರಿನವರು ಒಬ್ಬರನ್ನೊಬ್ಬರು ಬಲ್ಲರು, ಆದ್ದರಿಂದ ಒಬ್ಬರಿಗೊಬ್ಬರು ಹೊಣೆ ನಿಲ್ಲಬಲ್ಲರು ಎಂಬುದು ಆ ಮಾದರಿಯ ಜೀವಾಳ. 1904ರಲ್ಲಿ ಸಹಕಾರಿ ಕಾಯ್ದೆ ಬಂತು, ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಂಘ ಹುಟ್ಟಿತು. ಆದರೂ ಅರ್ಧ ಶತಮಾನದ ಮೇಲೆ, 1951-52ರಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ಲೆಕ್ಕ ಹಾಕಿದಾಗ ರೈತರ ಒಟ್ಟು ಸಾಲದಲ್ಲಿ ಸಹಕಾರ ಸಂಘಗಳ ಪಾಲು ಬರೀ ಶೇ. 3.1. ವಾಣಿಜ್ಯ ಬ್ಯಾಂಕುಗಳ ಪಾಲು ಶೇ. 0.9. ಲೇವಾದೇವಿಯವರದ್ದು ಶೇ. 70ರ ಹತ್ತಿರ.

ಸಾಹುಕಾರ ಗೆದ್ದದ್ದು ಬಡ್ಡಿಯ ಕ್ರೌರ್ಯದಿಂದ ಮಾತ್ರವಲ್ಲ. ಕಿರ್ದಿ ಖಾತೆ ಪುಸ್ತಕದ ಆಚೆಗೆ ಅವನ ತಲೆಯಲ್ಲಿ ಇಡೀ ಊರಿತ್ತು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಜೊತೆಗೆ ಭಾರತದ ಹಳ್ಳಿಯ ಲೇವಾದೇವಿಗಾರನನ್ನೂ ಉದಾಹರಣೆಯಾಗಿ ತೆಗೆದುಕೊಂಡರು. ಯಾರು ಕಟ್ಟುತ್ತಾರೆ, ಯಾರು ಕಟ್ಟುವುದಿಲ್ಲ ಎಂದು ತಿಳಿಯದ ಹೊರಗಿನವನು ಅವನಷ್ಟೇ ಬಡ್ಡಿಗೆ ಸಾಲ ಕೊಟ್ಟರೂ ಕೈಸುಟ್ಟುಕೊಳ್ಳುತ್ತಾನೆ ಎಂಬುದು ಅವರ ವಾದ. 2001ರಲ್ಲಿ ಅವರಿಗೆ ನೊಬೆಲ್ ಬಂತು. ಕೂಡ್ಲಿಗಿಯ ರೈತನಿಗೆ ಈ ಮಾತು ಯಾವ ಬಹುಮಾನವಿಲ್ಲದೆಯೂ ಗೊತ್ತಿತ್ತು.

ಹಾಗಾದರೆ ಬ್ಯಾಂಕ್ ಎಂಬ ಹೊರಗಿನವನು ಒಳಗಿನವನಾಗಲು ಎಂದಾದರೂ ಪ್ರಯತ್ನಪಟ್ಟನೇ? ಪಟ್ಟ. ಆ ಅಧ್ಯಾಯವನ್ನು ನಾವು ಬಹಳ ಬೇಗ ಮರೆತೆವು, ಅದಕ್ಕೇ ಅದರ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

1989ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ಸೇವಾ ಕ್ಷೇತ್ರ ಪದ್ಧತಿಯನ್ನು ಜಾರಿಗೆ ತಂದಿತು. ಪ್ರತಿಯೊಂದು ಗ್ರಾಮೀಣ ಮತ್ತು ಅರೆಪಟ್ಟಣದ ಶಾಖೆಗೆ 15ರಿಂದ 25 ಹಳ್ಳಿಗಳನ್ನು ವಹಿಸಿಕೊಟ್ಟರು. ಶಾಖೆಯವರು ಆ ಹಳ್ಳಿಗಳಿಗೆ ಹೋಗಿ ಸಮೀಕ್ಷೆ ಮಾಡಬೇಕು, ಊರಿನ ಸ್ಥಿತಿಗತಿ ಬರೆದಿಡಬೇಕು, ಅದರ ಮೇಲೆ ಪ್ರತಿವರ್ಷ ಸಾಲಯೋಜನೆ ಮಾಡಬೇಕು, ತಾಲ್ಲೂಕು ಮಟ್ಟದ ಬ್ಯಾಂಕರುಗಳ ಸಭೆಯಲ್ಲಿ ಅದನ್ನು ಮಂಡಿಸಬೇಕು. ಖುಷ್ಕಿ ಎಷ್ಟು, ತರಿ ಎಷ್ಟು, ಬಾವಿಗಳೆಷ್ಟು, ಎಮ್ಮೆ ಕುರಿ ಎಷ್ಟು, ಕುಶಲಕರ್ಮಿಗಳ ಮನೆಗಳೆಷ್ಟು, ಸಾಲ ಬೇಕಾದವರು ಯಾರು, ಹಳೆಯ ಬಾಕಿ ಇರುವವರು ಯಾರು ಎಂಬ ಬಗೆಯ ಮಾಹಿತಿ ಶಾಖೆಗೆ ಬೇಕಾಗಿತ್ತು. ಫೀಲ್ಡ್ ಆಫೀಸರುಗಳು ಮೋಟಾರ್‌ಸೈಕಲ್ ಹತ್ತಿ ಊರೂರು ಅಲೆದ ಕಾಲ ಅದು. ಜ್ಞಾನ ನಿರ್ವಹಣೆ ಎಂಬ ಶಬ್ದ ನಮ್ಮ ಪಠ್ಯಪುಸ್ತಕಕ್ಕೆ ಬರುವ ಮೊದಲೇ ದೇಶದ ಎಲ್ಲ ಹಳ್ಳಿ ಶಾಖೆಗಳಿಗೂ ಆ ಕೆಲಸವನ್ನು ಕಡ್ಡಾಯ ಮಾಡಿದ್ದರು.

ದೋಷವಿರಲಿಲ್ಲವೆಂದಲ್ಲ. ತನಗೆ ಹಂಚಿಕೆಯಾದ ಶಾಖೆ ಬಿಟ್ಟು ಬೇರೆ ಕಡೆ ಸಾಲ ಪಡೆಯುವುದು ರೈತನಿಗೆ ಕಷ್ಟವಾಗಿತ್ತು. ಕೆಲವು ಕಡೆ ಸಮೀಕ್ಷೆ ಮೇಜಿನ ಮೇಲೆಯೇ ಭರ್ತಿಯಾಗುತ್ತಿತ್ತು. 2004ರ ಡಿಸೆಂಬರಿನಲ್ಲಿ ಸರ್ಕಾರಿ ಯೋಜನೆಗಳನ್ನು ಬಿಟ್ಟು ಉಳಿದುದಕ್ಕೆ ಈ ಕಟ್ಟುಪಾಡನ್ನು ತೆಗೆದರು. ರೈತನಿಗೆ ಆಯ್ಕೆ ಸಿಕ್ಕಿತು, ಅದು ಒಳ್ಳೆಯದೇ. ಆದರೆ ಕಟ್ಟುಪಾಡಿನ ಜೊತೆಗೆ ಊರನ್ನು ಅರಿಯುವ ಕರ್ತವ್ಯವೂ ಸಡಿಲವಾಯಿತು. ಅದೊಂದನ್ನಾದರೂ ಉಳಿಸಿಕೊಳ್ಳಬೇಕಿತ್ತು.

ಇದೇ ಹೊತ್ತಿಗೆ ಮನುಷ್ಯರೂ ಹೊರಟರು. 2000-01ರ ಸ್ವಯಂನಿವೃತ್ತಿ ಯೋಜನೆಯಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಮಂದಿ ಮನೆಗೆ ಹೋದರು. ಸಂಬಳದ ಖರ್ಚು ಎಷ್ಟು ಉಳಿಯಿತೆಂಬ ಲೆಕ್ಕ ಬಂತು. ಅವರ ಜೊತೆ ಹೋದ ಅನುಭವದ ಲೆಕ್ಕ ಬರಲಿಲ್ಲ. 1970ರ ದಶಕದಲ್ಲಿ ಶಾಖೆಗಳು ಹೆಚ್ಚಿದಾಗ ಸೇರಿದ ತಲೆಮಾರು ಒಟ್ಟಿಗೇ ನಿವೃತ್ತಿಯ ಅಂಚಿಗೆ ಬರುತ್ತಿದೆ ಎಂದು 2010ರಲ್ಲಿ ಖಂಡೇಲ್‌ವಾಲ್ ಸಮಿತಿ ಸರ್ಕಾರಕ್ಕೆ ಎಚ್ಚರಿಕೆ ಕೊಟ್ಟಿತು. ಎಚ್ಚರಿಕೆ ನಿಜವಾಯಿತು.

ನಮ್ಮ ಹಳ್ಳಿಗಳ ಮಟ್ಟಿಗೆ ಇದಕ್ಕೆ ವಿಲೀನಗಳೂ ಸೇರಿದವು. 1976ರಲ್ಲಿ ಕೆನರಾ ಬ್ಯಾಂಕಿನ ಪ್ರಾಯೋಜನೆಯಲ್ಲಿ ಬಳ್ಳಾರಿಯಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಹುಟ್ಟಿತು. 2005ರಲ್ಲಿ ಅದು ಚಿತ್ರದುರ್ಗ, ಕೋಲಾರ, ಸಹ್ಯಾದ್ರಿ ಗ್ರಾಮೀಣ ಬ್ಯಾಂಕುಗಳ ಜೊತೆ ಕೂಡಿ ಪ್ರಗತಿ ಗ್ರಾಮೀಣ ಬ್ಯಾಂಕ್ ಆಯಿತು. 2013ರಲ್ಲಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಸೇರಿ ಪ್ರಗತಿ ಕೃಷ್ಣಾ ಆಯಿತು. 2019ರ ಏಪ್ರಿಲ್ 1ರಂದು ಕಾವೇರಿ ಗ್ರಾಮೀಣ ಬ್ಯಾಂಕ್ ಬಂದು ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಎನಿಸಿತು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಕೂಡಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಆಗಿದೆ, ಮುಖ್ಯ ಕಚೇರಿ ಬಳ್ಳಾರಿಯಲ್ಲೇ. ಅತ್ತ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳ ಬೋರ್ಡುಗಳು ಇಳಿದವು. ಹರಪನಹಳ್ಳಿಯದ್ದು ಇನ್ನೊಂದು ಪಾಡು. ಅದು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಎರಡು ದಶಕದ ಮೇಲೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಯಾವ ಬೆಳೆಗೆ ಎಕರೆಗೆ ಎಷ್ಟು ಸಾಲ ಎಂದು ಗೊತ್ತುಮಾಡುವುದು ಜಿಲ್ಲಾ ಮಟ್ಟದ ಸಮಿತಿ. ಜಿಲ್ಲೆ ಬದಲಾದರೆ ಸಮಿತಿ ಬದಲು, ಸಭೆ ಬದಲು, ಫೈಲು ಹೋಗುವ ಊರೂ ಬದಲು.

ದೊಡ್ಡ ಬ್ಯಾಂಕಿನಿಂದ ಬಂಡವಾಳದ ಬಲ, ತಂತ್ರಜ್ಞಾನದ ಬಲ ಬರುತ್ತದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ವಿಲೀನದಲ್ಲಿ ಖಾತೆಗಳು ಒಂದು ಪೈಸೆ ತಪ್ಪದಂತೆ ಹೊಸ ವ್ಯವಸ್ಥೆಗೆ ಹೋಗುತ್ತವೆ. ಲೆಡ್ಜರಿನ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟಿದ್ದ ‘ಸೇಂಗಾ ಮಾರಿದ ಮೇಲೆ ಕಟ್ಟುತ್ತಾನೆ’ ಎಂಬ ಸಾಲು ಹೋಗುವುದಿಲ್ಲ. ಹೊಸ ತೆರೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಆ ಪೆನ್ಸಿಲ್ ಸಾಲಿಗೆ ಎಷ್ಟು ರೂಪಾಯಿ ಬೆಲೆ ಎಂದು ಲೆಕ್ಕ ಹಾಕೋಣ. ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಮೂರು ಲಕ್ಷದವರೆಗಿನ ಬೆಳೆಸಾಲಕ್ಕೆ ಶೇ. 7 ಬಡ್ಡಿ. ಗಡುವಿನೊಳಗೆ ಕಟ್ಟಿದರೆ ಶೇ. 3 ರಿಯಾಯಿತಿ, ಅಂದರೆ ಬೀಳುವುದು ಶೇ. 4. ಒಂದು ಲಕ್ಷಕ್ಕೆ ವರ್ಷಕ್ಕೆ 4,000 ರೂಪಾಯಿ ಕಟ್ಟುವ ರೈತ ಗಡುವು ದಾಟಿದರೆ 7,000 ಕಟ್ಟಬೇಕು, ದಾಟಿದ ದಿನದಿಂದಾಚೆಗೆ ಬಡ್ಡಿ ಇನ್ನೂ ಏರುತ್ತದೆ. ಆ 3,000 ರೂಪಾಯಿ ಕೂಡ್ಲಿಗಿಯ ಖುಷ್ಕಿ ರೈತನಿಗೆ ಒಂದು ಹಂಗಾಮಿನ ಗೊಬ್ಬರದ ದುಡ್ಡು. ಅಲ್ಪಾವಧಿ ಬೆಳೆಯ ಸಾಲ ಎರಡು ಹಂಗಾಮು ಕಟಬಾಕಿ ಉಳಿದರೆ ಅನುತ್ಪಾದಕ ಸಾಲ, ಅಂದರೆ ಎನ್‌ಪಿಎ ಆಗುತ್ತದೆ. ಎನ್‌ಪಿಎ ಆದ ಕೂಡಲೆ ಬ್ಯಾಂಕ್ ಲಾಭದಿಂದ ಹಣ ತೆಗೆದಿಡಬೇಕು, ರೈತನಿಗೆ ಹೊಸ ಸಾಲದ ಬಾಗಿಲು ಮುಚ್ಚುತ್ತದೆ.

ಈಗ ಈ ಸೀಮೆಯ ದುಡ್ಡಿನ ಪಂಚಾಂಗ ನೋಡಿ. ಮುಂಗಾರಿನ ಸೇಂಗಾ ದೀಪಾವಳಿಯ ಆಸುಪಾಸಿಗೆ ಕೈಗೆ ಬರುತ್ತದೆ. ಈರುಳ್ಳಿ ಅದಕ್ಕೂ ತುಸು ಮುಂಚೆ ಲಾರಿ ಹತ್ತಿ ಬೆಂಗಳೂರಿಗೆ ಹೋಗುತ್ತದೆ, ರೇಟು ಸಿಕ್ಕರೆ ಮನೆ ತುಂಬ ದುಡ್ಡು, ಸಿಗದಿದ್ದರೆ ಲಾರಿ ಬಾಡಿಗೆಗೂ ತತ್ವಾರ. ಹರಪನಹಳ್ಳಿಯ ಮೆಕ್ಕೆಜೋಳ ನವೆಂಬರ್, ಡಿಸೆಂಬರ್‌ನಲ್ಲಿ. ಹಿಂಗಾರಿ ಜೋಳ ಮಾಘದ ಹೊತ್ತಿಗೆ. ಹಡಗಲಿಯ ಮಲ್ಲಿಗೆಯವರಿಗೆ ಹೂ ಬಿಡುವ ಕಾಲದಲ್ಲಿ ದಿನಾ ಒಂದಿಷ್ಟು ಕೈಕಾಸು. ತಾಂಡಾಗಳಿಂದ ಗುಳೆ ಹೋಗುವ ಮನೆಗಳು ಸುಗ್ಗಿ ಮುಗಿದ ಮೇಲೆ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಕಬ್ಬು ಕಡಿಯಲಿಕ್ಕೋ ಹೊರಟು ಯುಗಾದಿಯ ಹೊತ್ತಿಗೆ ಮರಳುತ್ತವೆ. ಬ್ಯಾಂಕಿನ ವಸೂಲಾತಿ ಜೋರಾಗುವುದು ಯಾವಾಗ? ಫೆಬ್ರವರಿ, ಮಾರ್ಚ್‌ನಲ್ಲಿ, ವರ್ಷಾಂತ್ಯದ ಒತ್ತಡಕ್ಕೆ. ಸೇಂಗಾ ದುಡ್ಡು ಮುಗಿದುಹೋದ ಮೇಲೆ, ಗುಳೆ ಹೋದವರ ಬಾಗಿಲಿಗೆ ಬೀಗ ಬಿದ್ದಿರುವಾಗ. ಬೀಗದ ಮನೆಗೆ ನೋಟಿಸು ಅಂಟಿಸಿ ಬಂದ ಸಿಬ್ಬಂದಿ ‘ಸಾಲಗಾರ ತಲೆಮರೆಸಿಕೊಂಡಿದ್ದಾನೆ’ ಎಂದು ವರದಿ ಬರೆಯುತ್ತಾರೆ. ಆತ ಮೂಡಿಗೆರೆಯಲ್ಲಿ ಕಾಫಿ ಹಣ್ಣು ಬಿಡಿಸುತ್ತಿರುತ್ತಾನೆ, ಆ ಕೂಲಿಯಿಂದಲೇ ಸಾಲ ಕಟ್ಟುವ ಲೆಕ್ಕ ಹಾಕಿಕೊಂಡು.

ಊರು ಬಲ್ಲ ಮ್ಯಾನೇಜರ್ ಕಾರ್ತೀಕದಲ್ಲೇ ಸೇಂಗಾ ರೈತರ ಬಾಗಿಲಿಗೆ ಹೋಗುತ್ತಾರೆ, ತಾಂಡಾದವರ ಹತ್ತಿರ ಗುಳೆ ಹೊರಡುವ ಮೊದಲೇ ಮಾತಾಡುತ್ತಾರೆ. ಊರು ಬಲ್ಲವರಿಗೂ ಅರಿಯದವರಿಗೂ ಮಳೆ ಒಂದೇ, ಬಡ್ಡಿ ಒಂದೇ, ನಿಯಮ ಒಂದೇ. ಒಂದು ಶಾಖೆಯಲ್ಲಿ ವಸೂಲಿ ಆಗುತ್ತದೆ, ಹತ್ತು ಮೈಲಿ ಆಚೆಯ ಶಾಖೆಯಲ್ಲಿ ಆಗುವುದಿಲ್ಲ. ಪರಿಶೀಲನಾ ಸಭೆಯಲ್ಲಿ ಈ ವ್ಯತ್ಯಾಸವನ್ನು ಮ್ಯಾನೇಜರರ ಚುರುಕುತನ ಎಂದು ಬರೆದುಕೊಳ್ಳುತ್ತಾರೆ. ಚುರುಕುತನ ವರ್ಗಾವಣೆಯಾಗುತ್ತದೆ. ಅದನ್ನು ತಿಳಿವಳಿಕೆ ಎಂದು ಗುರುತಿಸಿದ್ದರೆ ಶಾಖೆಯಲ್ಲೇ ಉಳಿಸಿಕೊಳ್ಳಬಹುದಿತ್ತು.

ನಾನು ಕಣ್ಣಾರೆ ಕಂಡ ಒಂದು ಪ್ರಕರಣ ಹೇಳುತ್ತೇನೆ. ಯಾವ ಬ್ಯಾಂಕ್, ಯಾವ ಊರು ಎಂಬುದು ಮುಖ್ಯವಲ್ಲ. ಒಬ್ಬ ರೈತರು ಹಲವು ವರ್ಷದಿಂದ ಸೇಂಗಾಕ್ಕೆಂದು ಬೆಳೆಸಾಲ ಪಡೆಯುತ್ತಿದ್ದರು. ಆ ವರ್ಷ ಮಳೆ ತಡವಾಯಿತು, ಎರಡೆಕರೆಗೆ ಈರುಳ್ಳಿ ಹಾಕಿದರು. ರಿನೀವಲ್‌ಗೆ ಬಂದಾಗ ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದರು ಕೂಡ. ಅಲ್ಲಿದ್ದ ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ, ಹಿಂದಿನ ವರ್ಷದ ಬೆಳೆಯನ್ನೇ ಮುಂದುವರಿಸಿದರು. ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಎಣ್ಣೆಕಾಳಿಗೆ ವಿಮಾ ಮೊತ್ತದ ಶೇ. 2 ಕಂತು, ತೋಟಗಾರಿಕೆ ಬೆಳೆಗೆ ಶೇ. 5. ಖಾತೆಯಿಂದ ಸೇಂಗಾದ ಕಂತು ಕಳೆಯಿತು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಈರುಳ್ಳಿ ಹೊಲದಲ್ಲೇ ಕೊಳೆಯಿತು. ಸರ್ಕಾರದ ಬೆಳೆ ಸಮೀಕ್ಷೆಯಲ್ಲಿ ಈರುಳ್ಳಿ, ವಿಮೆಯಲ್ಲಿ ಸೇಂಗಾ. ಅರ್ಜಿ ತಿರಸ್ಕೃತವಾಯಿತು. ‘ನಾ ಹೇಳಿದ್ನೆಲ್ಲ ಸಾರ್, ಉಳ್ಳಾಗಡ್ಡಿ ಹಾಕೀನಿ ಅಂತ’ ಎಂದು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಬ್ಯಾಂಕಿನ ತಪ್ಪಿನಿಂದ ವಿಮೆ ಕೈತಪ್ಪಿದರೆ ಹೊಣೆ ಬ್ಯಾಂಕಿನದೇ ಎಂದು ಯೋಜನೆಯ ಮಾರ್ಗಸೂಚಿಯಲ್ಲಿ ಇದೆ. ಆದರೆ ಬಾಯಿಮಾತಿಗೆ ಸಾಕ್ಷಿ ಎಲ್ಲಿಂದ ತರುವುದು? ಮುಂದಿನ ವರ್ಷ ಅವರ ಸಾಲ ಕಟಬಾಕಿಗೆ ಸೇರಿತು. ಶಾಖೆಯ ಪುಸ್ತಕದಲ್ಲಿ ಕಾರಣ ‘ಬೆಳೆ ನಾಶ’ ಎಂದಿದೆ. ನನ್ನ ಲೆಕ್ಕದಲ್ಲಿ ಕಾರಣ, ಕೌಂಟರಿನ ಈಚೆ ಇದ್ದ ಮಾತು ಆಚೆಗೆ ದಾಟದೆ ಹೋದದ್ದು.

ಭಾಷೆಯ ಪ್ರಶ್ನೆಯನ್ನು ನಾನು ಅಭಿಮಾನದ ಪ್ರಶ್ನೆಯಾಗಿ ಮಾತ್ರ ಎತ್ತುತ್ತಿಲ್ಲ. ಗ್ರಾಮೀಣ ಬ್ಯಾಂಕಿನ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು ಅವಕಾಶ ಕೊಡುವುದಾಗಿ ಕೇಂದ್ರ ಹಣಕಾಸು ಸಚಿವರು 2019ರಲ್ಲಿ ಘೋಷಿಸಿದರು. ಅದು ಅಭ್ಯರ್ಥಿಗೆ ನ್ಯಾಯ. ಬ್ಯಾಂಕಿಗೂ ಅದರಿಂದ ಲಾಭವಿದೆ. ರೈತನ ಮಾತು ಅರ್ಥವಾಗದ ಶಾಖೆಗೆ ಹೊಸ ತಿಳಿವು ಒಳಬರುವ ದಾರಿಯೇ ಮುಚ್ಚಿರುತ್ತದೆ, ಇದ್ದದ್ದೂ ಹಳತಾಗುತ್ತದೆ. ಹೊರರಾಜ್ಯದಿಂದ ಬಂದು ಆರು ತಿಂಗಳಲ್ಲಿ ನಮ್ಮ ಮಾತು ಕಲಿತು, ಜಾತ್ರೆಗೆ ಹೋಗಿ, ಜನರ ಜೊತೆ ಬೆರೆತ ಅಧಿಕಾರಿಗಳನ್ನೂ ನಾನು ಬಲ್ಲೆ. ಅವರಿಗೆ ಕಲಿಸುವ ಏರ್ಪಾಡನ್ನು ಬ್ಯಾಂಕ್ ಮಾಡಿರಲಿಲ್ಲ, ಅವರೇ ಕಲಿತರು.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ, ಊರಿನ ತಿಳಿವೆಲ್ಲ ಒಳ್ಳೆಯದೇ ಎಂಬ ಭಾವನೆ ಬಂದಿದ್ದರೆ ಅದನ್ನು ತಿದ್ದಬೇಕು. ಬರೆದಿಡದ ತಿಳಿವಿಗೆ ಒಂದು ಕೆಟ್ಟ ಗುಣವಿದೆ. ಅದನ್ನು ಯಾರೂ ಪರೀಕ್ಷಿಸುವಂತಿಲ್ಲ. ಎಂದೋ ಒಂದು ಬರಗಾಲದಲ್ಲಿ ಒಂದು ತಾಂಡಾದ ಕೆಲವರು ಸಾಲ ಕಟ್ಟಲಿಲ್ಲ. ‘ಆ ತಾಂಡಾದವ್ರು ಕಟ್ಟಲ್ಲ ಸಾರ್’ ಎಂಬ ಮಾತು ಒಬ್ಬ ಮ್ಯಾನೇಜರರಿಂದ ಇನ್ನೊಬ್ಬರ ಕಿವಿಗೆ ದಾಟುತ್ತಲೇ ಬಂತು. ಅಂದು ಬಾಕಿ ಇದ್ದವರ ಮಕ್ಕಳು ಇಂದು ಪದವಿ ಓದಿ ಸ್ವಂತ ಉದ್ಯೋಗಕ್ಕೆ ಸಾಲ ಕೇಳಿದರೂ ಅದೇ ಮಾತು ಅಡ್ಡ ಬರುತ್ತದೆ. ಎಲ್ಲರನ್ನೂ ಬಲ್ಲ ಹಳೆಯ ನೌಕರ ಸಾಲ ಕೊಡಿಸುವ ಮಧ್ಯವರ್ತಿಯಾಗಿಬಿಡುವುದೂ ಉಂಟು. ಅವನ ತಿಳಿವಿಗೆ ಬೆಲೆ ಬರುವುದು ಅದನ್ನು ಯಾರ ಜೊತೆಗೂ ಹಂಚಿಕೊಳ್ಳದಿದ್ದಾಗ ತಾನೆ?

ಇನ್ನೂ ನೋವಿನದ್ದು ಒಂದಿದೆ. ದೇವದಾಸಿ ಪದ್ಧತಿಯ ಗಾಯ ಉಳಿದ ತಾಲ್ಲೂಕುಗಳು ಇವು. 1982ರಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ಬಂತು. ಆ ತಾಯಂದಿರೂ ಅವರ ಮಕ್ಕಳೂ ಖಾತೆ ತೆರೆಯಲು ಬಂದಾಗ ಗಂಡನ ಹೆಸರು, ತಂದೆಯ ಹೆಸರು ಎಂಬ ಕಾಲಂ ಮುಂದೆ ನಿಲ್ಲುತ್ತಾರೆ. ಹತ್ತು ಜನರ ಎದುರಿಗೆ ಆ ಪ್ರಶ್ನೆಯನ್ನು ಹೇಗೆ ಕೇಳಬೇಕು, ಹೇಗೆ ಕೇಳಬಾರದು ಎಂಬುದು ಈ ಸೀಮೆಯ ಬ್ಯಾಂಕ್ ನೌಕರನಿಗೆ ಮೊದಲ ವಾರದಲ್ಲೇ ಹೇಳಿಕೊಡಬೇಕಾದ ಪಾಠ. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿಗೆ ಈ ಸೂಕ್ಷ್ಮ ಚೆನ್ನಾಗಿ ಗೊತ್ತು. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿದಾಗಿನಿಂದ ಯಾರಿಗೆ ಎಷ್ಟು ಕೊಡಬೇಕು ಎಂಬ ತೀರ್ಮಾನವನ್ನು ಅವರೇ ಮಾಡುತ್ತಿದ್ದಾರೆ. ತೀರ್ಮಾನದ ಕಾರಣಗಳನ್ನೂ ನಡಾವಳಿ ಪುಸ್ತಕದಲ್ಲಿ ಬರೆದಿರುತ್ತಾರೆ. ಅದನ್ನು ಓದುವ ಮ್ಯಾನೇಜರುಗಳು ಕಡಿಮೆ. ಓದಿದವರು ಅದರಿಂದ ಲಾಭ ಪಡೆದಿದ್ದಾರೆ.

ಆದ್ದರಿಂದ ನಾನು ಕೇಳುವುದು ತಿಳಿವಳಿಕೆಯನ್ನು ಬರಹಕ್ಕೆ ಇಳಿಸುವುದನ್ನು, ಅದಕ್ಕೆ ತಾರೀಖು ಹಾಕುವುದನ್ನು, ತಪ್ಪಿದ್ದರೆ ತಿದ್ದಲು ಬಿಡುವುದನ್ನು. ಒಂದಷ್ಟು ದಾಖಲೆ ಈಗಾಗಲೇ ಯಂತ್ರದಲ್ಲಿದೆ. ಭೂದಾಖಲೆಗಳ ಭೂಮಿ ತಂತ್ರಾಂಶ ಬಂದು ಕೈಬರಹದ ಪಹಣಿ 2002ರಲ್ಲಿ ನಿಂತಿತು. ಇಂದು ಪಹಣಿಯ ಹನ್ನೊಂದನೇ ಕಾಲಂನಲ್ಲಿ ಸಾಲದ ಬೋಜಾ ಕೂತಿದೆಯೇ ಎಂದು ಶಾಖೆಯಲ್ಲೇ ನೋಡಬಹುದು. ರೈತ ನೋಂದಣಿಯ ಫ್ರೂಟ್ಸ್ ಸಂಖ್ಯೆ ಹೊಡೆದರೆ ರೈತನ ಹೊಲಗಳ ವಿವರ ಬರುತ್ತದೆ. ಹೊಲದ ವಿಸ್ತೀರ್ಣ ಹೇಳುವ ಯಂತ್ರ ನಮ್ಮಲ್ಲಿದೆ. ಆ ಹೊಲವನ್ನು ಈ ವರ್ಷ ಯಾರು ಉಳುತ್ತಿದ್ದಾರೆ, ಕೋರಿಗೆ, ಅಂದರೆ ಪಾಲಿಗೆ, ಕೊಟ್ಟಿದ್ದಾರೆಯೇ, ಬೋರು ಬತ್ತಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಇದನ್ನು ಬಲ್ಲವರು ಊರಲ್ಲೇ ಇದ್ದಾರೆ. 2006ರಿಂದ ಬ್ಯಾಂಕ್ ಮಿತ್ರರ ವ್ಯವಸ್ಥೆ ಇದೆ, ಅದರಲ್ಲಿರುವವರು ಬಹುಪಾಲು ಅದೇ ಊರಿನ ಯುವಕ ಯುವತಿಯರು. ಅವರಿಂದ ಬಹುಮಟ್ಟಿಗೆ ಹೆಬ್ಬೆಟ್ಟು ಒತ್ತಿಸಿ ಹಣ ಕೊಡುವ ಕೆಲಸವನ್ನೇ ಮಾಡಿಸುತ್ತಿದ್ದೇವೆ.

ಮ್ಯಾನೇಜರ್ ವರ್ಗವಾದಾಗ ನಗದಿನ ಪಟ್ಟಿಯ ಜೊತೆಗೆ ಹಳ್ಳಿಗೊಂದು ಪುಟದ ಟಿಪ್ಪಣಿ ಕನ್ನಡದಲ್ಲಿ ಕೊಡುವುದನ್ನು ಕಡ್ಡಾಯ ಮಾಡಿ. ಹಳಬರೂ ಹೊಸಬರೂ ಒಟ್ಟಿಗೆ ನಾಲ್ಕಾರು ದಿನ ಹಳ್ಳಿ ಸುತ್ತಲಿ, ಆ ದಿನಗಳನ್ನು ಕರ್ತವ್ಯ ಎಂದೇ ಎಣಿಸಿ. ನಿವೃತ್ತಿಗೆ ಆರು ತಿಂಗಳಿರುವ ಅಟೆಂಡರ್ ಪಕ್ಕದಲ್ಲಿ ಹೊಸ ಗುಮಾಸ್ತನನ್ನು ಕೂರಿಸಿ. ಮ್ಯಾನೇಜರರ ವಾರ್ಷಿಕ ಮೌಲ್ಯಮಾಪನದಲ್ಲಿ ಠೇವಣಿ, ಸಾಲ, ವಸೂಲಿಯ ಜೊತೆಗೆ ಶಾಖೆಯ ತಿಳಿವನ್ನು ಎಷ್ಟರ ಮಟ್ಟಿಗೆ ಬರೆದಿಟ್ಟರು ಎಂಬುದಕ್ಕೂ ಅಂಕ ಇಡಿ. ಅಂಕ ಇಲ್ಲದ ಕೆಲಸಕ್ಕೆ ಯಾವ ಮ್ಯಾನೇಜರಿಗೂ ಪುರುಸೊತ್ತು ಇರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಎಷ್ಟೋ ಶಾಖೆಗಳಲ್ಲಿ ಮೂರು ಜನರ ಕೆಲಸವನ್ನು ಇಬ್ಬರು ಮಾಡುತ್ತಿದ್ದಾರೆ. ಸಿಬ್ಬಂದಿ ಕೊಡದೆ ಜ್ಞಾನ ನಿರ್ವಹಣೆಯ ಸುತ್ತೋಲೆ ಕಳಿಸಿದರೆ ಅದೂ ಇನ್ನೊಂದು ಫೈಲಾಗುತ್ತದೆ.

ಕೊನೆಯದಾಗಿ ನಮ್ಮ ಪಾಲಿನ ಕೆಲಸ. ಐದೂ ತಾಲ್ಲೂಕುಗಳಲ್ಲಿ ಪದವಿ ಕಾಲೇಜುಗಳಿವೆ, ವಾಣಿಜ್ಯ ಓದುವ ನೂರಾರು ಮಕ್ಕಳಿದ್ದಾರೆ, ಅವರಲ್ಲಿ ಹೆಚ್ಚಿನವರು ಇದೇ ಹಳ್ಳಿಗಳವರು. ವರ್ಷವರ್ಷವೂ ಅವರಿಂದ ಯಾರೂ ಓದದ ಪ್ರಾಜೆಕ್ಟ್ ವರದಿಗಳನ್ನು ಬರೆಸುತ್ತೇವೆ. ಅದರ ಬದಲು 1989ರ ಹಳ್ಳಿ ಸಮೀಕ್ಷೆಯನ್ನು ಹೊಸದಾಗಿ ಮಾಡೋಣ. ಒಂದು ಹೋಬಳಿ, ಒಂದು ಶಾಖೆ, ಇಪ್ಪತ್ತು ವಿದ್ಯಾರ್ಥಿಗಳು. ಸಾಲಗಾರರ ಹೆಸರು, ಬಾಕಿ ಯಾವುದೂ ಬೇಡ, ಅದು ಬ್ಯಾಂಕಿನ ಗುಟ್ಟು, ಹಾಗೇ ಇರಲಿ. ಈ ಊರಿನಲ್ಲಿ ಯಾವ ತಿಂಗಳು ಯಾವ ಬೆಳೆಯ ದುಡ್ಡು ಬರುತ್ತದೆ, ಗುಳೆ ಹೋಗುವವರು ಯಾವಾಗ ಹೊರಟು ಯಾವಾಗ ಬರುತ್ತಾರೆ, ಕೆರೆ ತುಂಬಿ ಎಷ್ಟು ವರ್ಷವಾಯಿತು, ಕೋರಿನ ರೂಢಿ ಹೇಗೆ, ಸಂತೆ ಯಾವ ದಿನ, ಸಾಲಕ್ಕೆ ಜನ ಮೊದಲು ಯಾರ ಹತ್ತಿರ ಹೋಗುತ್ತಾರೆ ಮತ್ತು ಯಾಕೆ, ಇಷ್ಟು ಪ್ರಶ್ನೆ ಸಾಕು. ಬರೆದದ್ದನ್ನು ಗ್ರಾಮಸಭೆಯಲ್ಲಿ ಓದಿಸಿ ತಿದ್ದಿಸಿ, ಒಂದು ಪ್ರತಿಯನ್ನು ಶಾಖೆಗೆ, ಇನ್ನೊಂದನ್ನು ಗ್ರಾಮ ಪಂಚಾಯಿತಿಗೆ ಕೊಡೋಣ. ಬಳ್ಳಾರಿಯಲ್ಲಿ ಮುಖ್ಯ ಕಚೇರಿ ಇರುವ ಗ್ರಾಮೀಣ ಬ್ಯಾಂಕಿನವರೂ, ಲೀಡ್ ಬ್ಯಾಂಕಿನವರೂ ಒಪ್ಪಿದರೆ ಮುಂಗಾರು ಬಿತ್ತನೆಗೆ ಮೊದಲು ಕೂಡ್ಲಿಗಿ ತಾಲ್ಲೂಕಿನ ಒಂದು ಹೋಬಳಿಯಿಂದ ಶುರು ಮಾಡಬಹುದು. ಪ್ರಶ್ನಾವಳಿಯ ಕರಡನ್ನು ತಂದಿದ್ದೇನೆ, ಸಭೆ ಮುಗಿದ ಮೇಲೆ ಬ್ಯಾಂಕಿನ ಗೆಳೆಯರು ನೋಡಿ ತಿದ್ದಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.